ಡೀಸೆಲ್ ಸೋಸಿದವರು

ರುಡಾಲ್ಫ್ ಡೀಸೆಲ್‌ಗೆ ತನ್ನ ಎಂಜಿನ್ನಿನಲ್ಲಿ ಸುಡಬೇಕೆನಿಸಿದ್ದು ಎಣ್ಣೆಯೊಂದನ್ನೇ ಅಲ್ಲ, ಕಲ್ಲಿದ್ದಲಿನ ಪುಡಿಯನ್ನೂ. 1892ರ ಫೆಬ್ರುವರಿಯಲ್ಲಿ ಆತ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಘನ, ದ್ರವ, ಅನಿಲ, ಯಾವ ಇಂಧನವಾದರೂ ನಡೆದೀತು ಎಂಬ ಧೈರ್ಯವಿತ್ತು. ಜರ್ಮನಿಯ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಪುಡಿ ಹಾಕಿ ಓಡಿಸಿ ನೋಡಿದ್ದೂ ಆಯಿತು. ಆತನ ಜೊತೆ ದುಡಿದಿದ್ದ ರುಡಾಲ್ಫ್ ಪಾವ್ಲಿಕೋವ್ಸ್ಕಿ ಆ ಹಟವನ್ನು ಇನ್ನೂ ಮುಂದಕ್ಕೆ ಒಯ್ದು, 1916ರಲ್ಲಿ ಗ್ಯೋರ್ಲಿಟ್ಸ್ ಊರಿನಲ್ಲಿ ಕಲ್ಲಿದ್ದಲ ಪುಡಿಯಿಂದ ಎಂಜಿನ್ ಓಡಿಸಿಯೇಬಿಟ್ಟ. ಎಂಜಿನ್ ಓಡಿತು, ಸಿಲಿಂಡರ್ ಬಾಳಲಿಲ್ಲ. ಸುಟ್ಟ ಪುಡಿಯ ಬೂದಿ ಅದರ ಗೋಡೆಯನ್ನು ಉಜ್ಜಿ ಸವೆಸಿಹಾಕುತ್ತಿತ್ತು.

ಹೀಗೆ ಪುಡಿ ತಿಂದು ಬದುಕಬೇಕೆಂದು ಹುಟ್ಟಿದ ಯಂತ್ರವೇ ಮುಂದೆ ಒಂದು ಧೂಳಿನ ಕಣಕ್ಕೂ ಹೆದರುವಂಥದ್ದಾಯಿತು. ಹಳೆಯ ಲಾರಿಗೆ ಹೊಸ ಡೀಸೆಲ್ ಫಿಲ್ಟರ್ ಕೂರಿಸುವ ಗ್ಯಾರೇಜಿನವರು ಇಂದಿಗೂ ಆ ಹೆದರಿಕೆಗೇ ಮದ್ದು ಮಾಡುತ್ತಿದ್ದಾರೆ. ಈ ಮದ್ದಿನ ಚರಿತ್ರೆಯಲ್ಲಿ ಕಾರ್ಖಾನೆಗಳ ಪಾಲೆಷ್ಟೋ ರಸ್ತೆಯ ಪಾಲೂ ಅಷ್ಟೇ ಇದೆ. ಎಷ್ಟೋ ಸಲ ಲಾರಿ ಮಾಲೀಕನೇ ಮೊದಲು ಕೈಹಾಕಿದ, ತಯಾರಕ ಹಿಂದಿನಿಂದ ಬಂದ.

ಮೊದಲ ಡೀಸೆಲ್ ಎಂಜಿನ್ನುಗಳಿಗೆ ಈ ತಾಪತ್ರಯ ಅಷ್ಟಾಗಿ ಇರಲಿಲ್ಲ. ಅವು ಕಾರ್ಖಾನೆಯ ನೆಲಕ್ಕೋ ಹಡಗಿನ ಹೊಟ್ಟೆಗೋ ಸೇರಿದ ದೈತ್ಯರು. ಬೇರೆ ಕಂಪ್ರೆಸರ್ ಒಂದು ಗಾಳಿಯನ್ನು ಒತ್ತಿ, ಆ ಗಾಳಿಯ ಜೋರಿಗೆ ಎಣ್ಣೆ ಒಳಗೆ ಚಿಮ್ಮುತ್ತಿತ್ತು. ಹಡಗಿನಲ್ಲಾದರೆ ಎಣ್ಣೆಯನ್ನು ದೊಡ್ಡ ತೊಟ್ಟಿಯಲ್ಲಿ ತಂಗಲು ಬಿಡಬಹುದು. ನೀರೂ ಕೆಸರೂ ತಾವಾಗಿಯೇ ತಳಕ್ಕೆ ಇಳಿಯುತ್ತವೆ. ಲಾರಿಗೆ ಆ ಜಾಗವೂ ಇಲ್ಲ, ವ್ಯವಧಾನವೂ ಇಲ್ಲ. ಅದರ ಟ್ಯಾಂಕು ಹಗಲೆಲ್ಲ ಕುಲುಕುತ್ತಲೇ ಇರುತ್ತದೆ, ತಳ ಸೇರಿದ್ದು ಮತ್ತೆ ಮೇಲೇಳುತ್ತದೆ.

ಲಾರಿಗೆ ಡೀಸೆಲ್ ಬಂದದ್ದು 1923-24ರ ಸುಮಾರಿಗೆ. ಬೆನ್ಜ್ ಕಂಪನಿ ಐದು ಟನ್ನಿನ ಲಾರಿಗೆ ಡೀಸೆಲ್ ಎಂಜಿನ್ ಹಾಕಿತು, ಮ್ಯಾನ್ ಕಂಪನಿ 1924ರ ಡಿಸೆಂಬರಿನಲ್ಲಿ ಬರ್ಲಿನ್ ಪ್ರದರ್ಶನಕ್ಕೆ ತನ್ನದನ್ನು ತಂದು ನಿಲ್ಲಿಸಿತು. ಗಾಳಿಯ ಕಂಪ್ರೆಸರ್ ಇಲ್ಲದೆ, ಎಣ್ಣೆಯನ್ನೇ ನೇರವಾಗಿ ಒತ್ತಿ ಚಿಮ್ಮಿಸುವ ಪಂಪು ಅವಕ್ಕೆ ಬೇಕಿತ್ತು. ಪೆಟ್ರೋಲ್ ಗಾಡಿಗಳಿಗೆ ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಮಾರಿ ಹೆಸರು ಮಾಡಿದ್ದ ರಾಬರ್ಟ್ ಬಾಷ್ 1922ರ ಕೊನೆಗೆ ಈ ಕೆಲಸಕ್ಕೆ ಕೈಹಾಕಿ, 1927ರಲ್ಲಿ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ. ಅದರೊಳಗೆ ಎಣ್ಣೆ ಒತ್ತುವ ಬೆರಳುದ್ದದ ಪ್ಲಂಜರ್, ಅದಕ್ಕೊಂದು ಬ್ಯಾರೆಲ್. ಎರಡರ ನಡುವೆ ರಬ್ಬರ್ ಸೀಲ್ ಇಲ್ಲ, ಉಂಗುರ ಇಲ್ಲ. ಇರುವುದು ಎರಡು-ಮೂರು ಮೈಕ್ರಾನ್‌ಗಳ ಸಂದು ಮಾತ್ರ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಪ್ಲಂಜರನ್ನೂ ಬ್ಯಾರೆಲನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡುತ್ತಾರೆ. ಒಂದರ ಪ್ಲಂಜರ್ ಇನ್ನೊಂದರ ಬ್ಯಾರೆಲಿಗೆ ಹೊಂದುವುದಿಲ್ಲ. ಆ ಸಂದಿನಲ್ಲಿ ಜಾರಿಕೆ ಕೊಡುವುದೂ ಡೀಸೆಲ್ಲೇ, ಬೇರೆ ಎಣ್ಣೆಯಲ್ಲ.

ಕಣ್ಣಿಗೆ ಕಾಣದ ಮರಳಿನ ಹರಳೊಂದು ಆ ಸಂದಿಗೆ ಸಿಕ್ಕರೆ ಉಕ್ಕಿನ ಮೇಲೆ ಗೀರು ಬೀಳುತ್ತದೆ, ಗೀರಿನಗುಂಟ ಒತ್ತಡ ಸೋರುತ್ತದೆ. ಆಮೇಲೆ ಲಾರಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಘಾಟಿಯಲ್ಲಿ ದಮ್ಮು ಕಟ್ಟುತ್ತದೆ, ಹೊಗೆ ಉಗುಳುತ್ತದೆ. ನೀರು ಇನ್ನೂ ಕೆಟ್ಟದ್ದು. ಅದಕ್ಕೆ ಜಾರಿಕೆ ಇಲ್ಲ. ಲಾರಿ ನಿಂತ ರಾತ್ರಿಯಲ್ಲೇ ಪ್ಲಂಜರಿನ ಮೇಲೆ ತುಕ್ಕಿನ ಚುಕ್ಕೆ ಮೂಡಿಸಬಲ್ಲದು. ಟ್ಯಾಂಕಿನ ತಳದಲ್ಲಿ ನೀರು ನಿಂತರೆ, ನೀರೂ ಡೀಸೆಲ್ಲೂ ಕೂಡುವ ಅಂಚಿನಲ್ಲಿ ಒಂದು ಬಗೆಯ ಶಿಲೀಂಧ್ರ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ವಿಮಾನದ ಇಂಧನದ ಟ್ಯಾಂಕುಗಳನ್ನೂ ಕಾಡಿದ ಪೀಡೆ ಅದು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ರಸ್ತೆಗೆ ಈ ಸೂಕ್ಷ್ಮ ಯಂತ್ರ ಇಳಿಯಿತು. ಟಾಟಾ ಸಮೂಹದ ಟೆಲ್ಕೊ ಕಂಪನಿ ಡೈಮ್ಲರ್-ಬೆನ್ಜ್ ಜೊತೆ ಕೈಜೋಡಿಸಿ 1954ರ ಅಕ್ಟೋಬರಿನಲ್ಲಿ ಜಮ್‌ಷೆಡ್‌ಪುರದಿಂದ ಮೊದಲ ಟಾಟಾ-ಮರ್ಸಿಡಿಸ್ ಲಾರಿಯನ್ನು ಹೊರಗೆ ಬಿಟ್ಟಿತು. 1969ರ ತನಕ ಆ ಲಾರಿಗಳ ಮುಖದ ಮೇಲೆ ಮರ್ಸಿಡಿಸ್‌ನ ಮೂರು ಮೂಲೆಯ ನಕ್ಷತ್ರವೇ ಇತ್ತು. ಮದರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಈ ಲಾರಿಗಳಿಗೆ ಬೇಕಾದ ಪಂಪು, ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ಹೊರೆಯಲ್ಲಿ ದೊಡ್ಡ ಪಾಲನ್ನು ಹೊತ್ತದ್ದು ಬೆಂಗಳೂರು. ಬಾಷ್ ಕಂಪನಿಯ ಸಹಯೋಗದಲ್ಲಿ 1951ರ ನವೆಂಬರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆಡುಗೋಡಿಯಲ್ಲಿ ತಳವೂರಿತು. ಹಳ್ಳಿಗಳಿಂದ ಬಂದ ಹುಡುಗರು ಅಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಅಳೆಯಲು ಕಲಿತರು. ಕೆಲಸಗಾರರು ಮನೆ ಕಟ್ಟಿಕೊಂಡ ಬಡಾವಣೆ ಇವತ್ತಿಗೂ ಮೈಕೋ ಲೇಔಟ್. ಅಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಮೂಲ ಗೊತ್ತೋ!

ಮೈಕೋ ಪಂಪಿನ ಪಕ್ಕದಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಜೋಡಿ ಫಿಲ್ಟರ್. ಅರ್ಧ ಲೀಟರಿನ ಎರಡು ಡಬ್ಬಿಗಳು ಒಂದೇ ತಲೆಯ ಕೆಳಗೆ ನೇತಾಡುತ್ತಿದ್ದವು. ಮೊದಲಿನದರಲ್ಲಿ ಉಣ್ಣೆಯ ಫೆಲ್ಟ್ ಅಥವಾ ಬಟ್ಟೆ, ಎರಡನೆಯದರಲ್ಲಿ ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಕಾಗದ. ಇದಕ್ಕೂ ಮೊದಲು, ಟ್ಯಾಂಕಿನಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪಿನ ಅಡಿಯಲ್ಲಿ ತಂತಿಯ ಜಾಲರಿ ಇದ್ದ ಪುಟ್ಟ ಬಟ್ಟಲು. ಹೀಗೆ ಮೂರು ಕಡೆ ಸೋಸಿ ಬಂದ ಡೀಸೆಲ್ ಪಂಪು ಸೇರುತ್ತಿತ್ತು. ಬ್ರಿಟಿಷ್ ದಾರಿಯಲ್ಲಿ ಬಂದ ಪರ್ಕಿನ್ಸ್ ಎಂಜಿನ್ನುಗಳಿಗೂ ಟ್ರ್ಯಾಕ್ಟರುಗಳಿಗೂ ಸಿಎವಿ ಕಂಪನಿಯ ಫಿಲ್ಟರ್. ನಡುವೆ ಒಂದು ಉದ್ದನೆಯ ಬೋಲ್ಟು, ಅದರ ಸುತ್ತ 296 ಎಂಬ ನಂಬರಿನ ಎಲಿಮೆಂಟು, ಕೆಳಗೆ ಬೇಕಾದರೆ ಗಾಜಿನ ಬಟ್ಟಲು. ಆ ನಂಬರು ಹೇಳಿದರೆ ಸಾಕು, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬೇರೆ ಪ್ರಶ್ನೆಯೇ ಏಳುವುದಿಲ್ಲ.

ವ್ಯವಸ್ಥೆಯೇನೋ ಚೆನ್ನಾಗಿತ್ತು. ಕೆಡಿಸಿದ್ದು ಉಳಿತಾಯದ ಬುದ್ಧಿ. ಫೆಲ್ಟನ್ನು ತೊಳೆದು ಮತ್ತೆ ಹಾಕಬಹುದಿತ್ತು, ಹಾಗೆಂದು ಕಂಪನಿಯ ಪುಸ್ತಕಗಳೇ ಹೇಳುತ್ತಿದ್ದವು. ಎಷ್ಟು ಸಲ ತೊಳೆಯಬಹುದು, ಯಾವಾಗ ಎಸೆಯಬೇಕು ಎಂಬ ಸಾಲನ್ನು ಓದಿದವರು ಕಡಿಮೆ. ಸೀಮೆಎಣ್ಣೆಯಲ್ಲಿ ಅದ್ದಿ, ಹಿಂಡಿ, ಬಿಸಿಲಿಗಿಟ್ಟು, ಅದೇ ಧೂಳಿನ ಕೈಯಲ್ಲಿ ಒಳಗೆ ತುರುಕಿದರೆ ಹೊರಮೈಯ ಕೊಳೆ ಒಳಮೈ ಸೇರುತ್ತದೆ. ಒಳಮೈಯ ಆಚೆ ಇರುವುದು ಪಂಪು. ಕಾಟನ್ ವೇಸ್ಟಿನಿಂದ ಬಟ್ಟಲು ಒರೆಸುವ ಅಭ್ಯಾಸವೂ ಹಾಗೆಯೇ. ಒರೆಸಿದಲ್ಲಿ ಧೂಳು ಹೋಗಿ ನೂಲಿನ ಎಳೆ ಉಳಿಯುತ್ತದೆ, ಆ ಎಳೆ ನಾಝಲಿನ ಬಾಯಿಗೆ ಹೋಗಿ ಕೂರುತ್ತದೆ. ಬಂಕುಗಳು ವಿರಳವಾಗಿದ್ದ ಕಾಲದಲ್ಲಿ ಡ್ರಮ್ಮಿನಿಂದ ಡೀಸೆಲ್ ಸುರಿಯುವಾಗ ಆಲಿಕೆಗೆ ಬಟ್ಟೆ ಕಟ್ಟುತ್ತಿದ್ದುದು ಜಾಣತನವೇ ಸರಿ, ಬಟ್ಟೆ ಯಾವುದು ಎಂಬುದರ ಮೇಲೆ ಅದು ನಿಂತಿತ್ತು.

ಫಿಲ್ಟರ್ ಬದಲಿಸಿದ ಮೇಲೆ ಏರ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ತೆಗೆಯುವ ಕೆಲಸ ಲಾರಿಯ ಕ್ಲೀನರನದು. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಂಡಿಯನ್ನು ಕೈಯಿಂದ ಒತ್ತುತ್ತಾ ಹೋಗಬೇಕು. ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ನೇರ ಧಾರೆ. ಅರ್ಧಕ್ಕೇ ಬೇಸತ್ತು ಸ್ಕ್ರೂ ಬಿಗಿದವನ ಲಾರಿ ಮೈಲಿ ದಾಟುವುದರೊಳಗೆ ನಿಲ್ಲುತ್ತಿತ್ತು. ಒಂದು ತಲೆಮಾರಿನ ಹುಡುಗರು ಡೀಸೆಲ್ ಎಂಜಿನ್ನಿನ ಅಕ್ಷರಾಭ್ಯಾಸ ಮಾಡಿದ್ದು ಈ ಗುಂಡಿಯ ಮೇಲೆಯೇ.

ಕರ್ನಾಟಕದ ದಾರಿಗಳು ಈ ಫಿಲ್ಟರುಗಳಿಗೆ ಒಡ್ಡಿದ ಪರೀಕ್ಷೆ ಸಣ್ಣದಲ್ಲ. ಸಂಡೂರು-ಹೊಸಪೇಟೆಯ ಕೆಂಪು ಅದಿರಿನ ಧೂಳು ಟ್ಯಾಂಕಿನ ಮುಚ್ಚಳದ ಸಂದಿನಿಂದಲೂ ಗಾಳಿಕಿಂಡಿಯಿಂದಲೂ ಒಳಗೆ ಇಳಿಯುತ್ತದೆ, ಏಕೆಂದರೆ ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದೇ ಲಾರಿ ಅರಬೈಲು ಘಾಟಿ ಇಳಿದು ಬೇಲೆಕೇರಿಯ ಬಂದರಿನ ಬಳಿ ರಾತ್ರಿ ನಿಂತರೆ ಎಳೆದುಕೊಳ್ಳುವುದು ಕಡಲ ತೇವ. ಅರ್ಧ ಖಾಲಿಯಿರುವ ಟ್ಯಾಂಕಿನ ಗೋಡೆಗೆ ಆ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ರಾತ್ರಿ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸುವ ಹಳೆಯ ಚಾಲಕರ ಪದ್ಧತಿಯಲ್ಲಿ ಭೌತಶಾಸ್ತ್ರವೇ ಇದೆ.

ಧೂಳು, ನೀರು ಎರಡಕ್ಕೂ ಫಿಲ್ಟರಿನಲ್ಲಿ ಉತ್ತರವಿತ್ತು. ಮೂರನೆಯದೊಂದಕ್ಕೆ ಇರಲಿಲ್ಲ. ಪಡಿತರದ ಸೀಮೆಎಣ್ಣೆ ಡೀಸೆಲ್ಲಿಗಿಂತ ಅಗ್ಗವಾಗಿದ್ದಷ್ಟು ಕಾಲ ಅದು ಟ್ಯಾಂಕರಿಗೂ ಬಂಕಿಗೂ ದಾರಿ ಹುಡುಕಿಕೊಂಡಿತು. ತೆಳುವಾದ ಸೀಮೆಎಣ್ಣೆ ಯಾವ ಕಾಗದದಿಂದಲೂ ಸಲೀಸಾಗಿ ಹಾಯ್ದು ಹೋಗುತ್ತದೆ. ಪಂಪಿಗೆ ಬೇಕಾದ ಜಾರಿಕೆ ಅದರಲ್ಲಿ ಇಲ್ಲ. ಪಡಿತರದ ಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಿಸಿದರೂ ದಂಧೆ ನಿಲ್ಲಲಿಲ್ಲ. ಅದನ್ನು ತಡೆಯಹೋದವರು ಪ್ರಾಣವನ್ನೇ ತೆತ್ತದ್ದೂ ಉಂಟು. ಕೋಲಾರದ ಚಿನ್ನದ ಗಣಿಯ ಊರಿನ ಷಣ್ಮುಗಂ ಮಂಜುನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದ ತರುಣ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕುಗಳ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಡೀಸೆಲ್ ಸೋಸಿದವರ ಚರಿತ್ರೆ ಬರೆಯುವವರು ಮಂಜುನಾಥ್ ಹೆಸರನ್ನು ಬಿಟ್ಟು ಬರೆಯುವಂತಿಲ್ಲ.

ಭಾರತದ ಲಾರಿಯಲ್ಲಿ ಒಳ್ಳೆಯ ಫಿಲ್ಟರ್ ಇದ್ದೂ ಬಳಕೆ ಕೆಟ್ಟಿತ್ತು. ಶ್ರೀಮಂತ ಅಮೆರಿಕದಲ್ಲಿ ಆದದ್ದು ತಿರುಗುಮುರುಗು. ಜನರಲ್ ಮೋಟಾರ್ಸ್ 1978ರ ಮಾದರಿಗೆ 5.7 ಲೀಟರಿನ ಓಲ್ಡ್ಸ್‌ಮೊಬೈಲ್ ಡೀಸೆಲ್ ಎಂಜಿನ್ ತಂದು ಕಾರುಗಳಿಗೂ ಪಿಕಪ್ ಟ್ರಕ್ಕುಗಳಿಗೂ ಕೂರಿಸಿತು. ಅದರ ಪಂಪು ವರ್ನನ್ ರೂಸಾ ಎಂಬಾತನ ವಿನ್ಯಾಸದ ಸಂತಾನ. ನ್ಯೂಯಾರ್ಕಿನಲ್ಲಿ ಡೀಸೆಲ್ ಜನರೇಟರುಗಳನ್ನು ನೋಡಿಕೊಳ್ಳುತ್ತಿದ್ದ ರೂಸಾ, ಸಾಲುಗಟ್ಟಿದ ಪ್ಲಂಜರುಗಳ ದುಬಾರಿ ಪಂಪಿನ ಬದಲು ಒಂದೇ ತಿರುಗುವ ತಲೆಯಿಂದ ಎಲ್ಲ ಸಿಲಿಂಡರಿಗೂ ಹಂಚುವ ಅಗ್ಗದ ಪಂಪು ಕಂಡುಹಿಡಿದಿದ್ದ. 1952ರ ವೇಳೆಗೆ ಅದು ಮಾರುಕಟ್ಟೆಯಲ್ಲಿತ್ತು. ಪಂಪಿನ ಒಳಗೆಲ್ಲ ಡೀಸೆಲ್ಲೇ ತುಂಬಿರುವ ಆ ವಿನ್ಯಾಸಕ್ಕೆ ನೀರು ಅಂದರೆ ವಿಷ. ಆದರೂ ಖರ್ಚು ಉಳಿಸಲೆಂದು ಕಂಪನಿ ನೀರು ಬೇರ್ಪಡಿಸುವ ಫಿಲ್ಟರನ್ನು ಹಾಕಲಿಲ್ಲ. ಬಂಕುಗಳಲ್ಲಿ ಆಗ ಸಿಗುತ್ತಿದ್ದ ಡೀಸೆಲ್ಲಿನ ಗುಣಮಟ್ಟವೂ ಅಷ್ಟಕ್ಕಷ್ಟೇ. ಪಂಪುಗಳು ತುಕ್ಕು ಹಿಡಿದವು, ನಾಝಲುಗಳು ಕೆಟ್ಟವು. ನೀರಿಗೆ ಮದ್ದೆಂದು ಪೆಟ್ರೋಲ್ ಕಾರಿನ ಅಭ್ಯಾಸದಲ್ಲಿ ಆಲ್ಕೋಹಾಲ್ ಸುರಿದವರ ಪಂಪಿನ ಸೀಲುಗಳೂ ಹಾಳಾದವು. ಹೆಡ್ ಬೋಲ್ಟುಗಳ ದೋಷವೂ ಸೇರಿ ಆ ಎಂಜಿನ್ 1985ಕ್ಕೆ ಕಣ್ಮುಚ್ಚಿತು. ಅಮೆರಿಕದ ಕಾರು ಕೊಳ್ಳುವವರು ಡೀಸೆಲ್ ಎಂದರೆ ಮುಖ ತಿರುಗಿಸುವಂತೆ ಮಾಡಿ ಹೋಯಿತು.

ಅದೇ ದೇಶದಲ್ಲಿ ಪರಿಹಾರ ಮೊದಲೇ ಇತ್ತೆಂಬುದು ತಮಾಷೆ. ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ 1969ರಲ್ಲಿ ಶುರುವಾದ ರೇಕರ್ ಕಂಪನಿ ಪಾರದರ್ಶಕ ಬಟ್ಟಲಿನ ಫಿಲ್ಟರನ್ನು ದೋಣಿಗಳಿಗೂ ಟ್ರಕ್ಕುಗಳಿಗೂ ಮಾರುತ್ತಿತ್ತು. ಒಳಗೆ ಬಂದ ಡೀಸೆಲ್ಲನ್ನು ಮೊದಲು ಸುಳಿಯಂತೆ ತಿರುಗಿಸಿದರೆ ಭಾರವಾದ ನೀರು ಅಂಚಿಗೆ ಸರಿದು ಕೆಳಗಿಳಿಯುತ್ತದೆ, ಕಾಗದಕ್ಕೆ ಬರುವುದು ಆಮೇಲೆ. ಬಟ್ಟಲಲ್ಲಿ ನೀರು ಕಂಡರೆ ನಲ್ಲಿ ತಿರುಗಿಸಿ ಬಿಟ್ಟರಾಯಿತು. ಎಲಿಮೆಂಟಿನ ತುದಿಯ ಬಣ್ಣ ನೋಡಿಯೇ ನೇಯ್ಗೆ ಎಷ್ಟು ಸಣ್ಣದೆಂದು ಹೇಳಬಹುದು: ಕೆಂಪಾದರೆ 30 ಮೈಕ್ರಾನ್, ನೀಲಿ 10, ಕಂದು 2.

ಓಲ್ಡ್ಸ್‌ಮೊಬೈಲ್ ಡೀಸೆಲ್ ಹೋದ ಮೇಲಿನ ಮೂವತ್ತು ವರ್ಷ ಅಮೆರಿಕದ ಪಿಕಪ್ ಮಾಲೀಕರು ತಯಾರಕರಿಗೆ ಪಾಠ ಹೇಳಿದ ಕಾಲ. ಡಾಜ್ ಪಿಕಪ್ಪಿನ ಕಮಿನ್ಸ್ 5.9 ಎಂಜಿನ್ನಿಗೆ 1994ರಿಂದ ಇದ್ದುದು ಬಾಷ್‌ನ ಗಟ್ಟಿ ಇನ್‌ಲೈನ್ ಪಂಪು, ಅಂದರೆ ಪ್ಲಂಜರುಗಳು ಸಾಲಾಗಿ ನಿಂತ ಪಂಪು, ಆಡುಗೋಡಿಯ ಪಂಪುಗಳ ದಾಯಾದಿ. 1998ರ ನಡುವಿನಲ್ಲಿ ಅದನ್ನು ತೆಗೆದು ಎಲೆಕ್ಟ್ರಾನಿಕ್ ನಿಯಂತ್ರಣದ ವಿಪಿ44 ಹಾಕಿದರು. ಈ ಪಂಪಿಗೆ ಜಾರಿಕೆಯೂ ತಂಪೂ ಹರಿಯುವ ಡೀಸೆಲ್ಲಿನಿಂದಲೇ. ಅದಕ್ಕೆ ಡೀಸೆಲ್ ಒದಗಿಸಬೇಕಿದ್ದ ಲಿಫ್ಟ್ ಪಂಪು ಮಾತ್ರ ದುರ್ಬಲ, ಟ್ಯಾಂಕಿನಿಂದ ದೂರ ಎಂಜಿನ್ನಿಗೆ ಅಂಟಿಕೊಂಡಿತ್ತು. ಲಿಫ್ಟ್ ಪಂಪು ಸದ್ದಿಲ್ಲದೆ ಸೋತರೆ ಹಿಂದೆಯೇ ದುಬಾರಿ ವಿಪಿ44 ಸಾಯುತ್ತಿತ್ತು. ಮಾಲೀಕರು ಟ್ಯಾಂಕಿನ ಹತ್ತಿರ ಚಾಸಿಗೇ ಬೇರೆ ಪಂಪು, ಅದರ ಜೊತೆ ದೊಡ್ಡ ಫಿಲ್ಟರು ಕೂರಿಸಿಕೊಂಡರು. ಒತ್ತಡ ನೋಡಲು ಚಾಲಕನ ಮುಂದೆ ಒಂದು ಗೇಜು. 2001ರಲ್ಲಿ ಬಂದ ಜನರಲ್ ಮೋಟಾರ್ಸ್‌ನ ಡ್ಯೂರಾಮ್ಯಾಕ್ಸ್ ಎಂಜಿನ್ನಿಗೆ ಲಿಫ್ಟ್ ಪಂಪೇ ಇರಲಿಲ್ಲ. ಎಂಜಿನ್ ಮೇಲಿನ ಪಂಪು ಒಂದೇ ಫಿಲ್ಟರಿನ ಮೂಲಕ ಟ್ಯಾಂಕಿನಿಂದ ಹೀರಬೇಕು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳು ಕೆಟ್ಟು ಕಂಪನಿ ವಾರಂಟಿಯನ್ನು 7 ವರ್ಷ, 2 ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು. ತಪ್ಪೆಲ್ಲ ಕೊಳೆಯದೆಂದು ಹೇಳಲಾಗದು, ಇಂಜೆಕ್ಟರಿನಲ್ಲೇ ದೋಷವಿತ್ತು. ಆದರೂ ಮಾಲೀಕರು ಕ್ಯಾಟರ್‌ಪಿಲ್ಲರ್ ಯಂತ್ರಗಳ 2 ಮೈಕ್ರಾನ್ ಫಿಲ್ಟರನ್ನು ತಂದು ಅಡಾಪ್ಟರ್ ಹಾಕಿ ಎರಡನೇ ಕಾವಲು ನಿಲ್ಲಿಸಿದರು, ಲಿಫ್ಟ್ ಪಂಪನ್ನೂ ಸೇರಿಸಿದರು. ಕಾರ್ಖಾನೆಯಿಂದಲೇ ಲಿಫ್ಟ್ ಪಂಪು ಬಂದದ್ದು 2017ರ ಮಾದರಿಗೆ.

ಡ್ಯೂರಾಮ್ಯಾಕ್ಸ್‌ನಂಥ ಎಂಜಿನ್ನುಗಳಲ್ಲಿ ಇಷ್ಟೆಲ್ಲ ಭಯಕ್ಕೆ ಕಾರಣ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹಂಚುವ ವ್ಯವಸ್ಥೆ. ಹಳೆಯ ಟಾಟಾ ಲಾರಿಯ ನಾಝಲ್ ತೆರೆಯುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. 1997ರಲ್ಲಿ ಆಲ್ಫಾ ರೋಮಿಯೊ ಕಾರಿನೊಡನೆ ಬಂದ ಬಾಷ್ ಕಾಮನ್ ರೈಲ್ 1,350 ಬಾರ್‌ನಲ್ಲಿ ಕೆಲಸ ಮಾಡುತ್ತಿತ್ತು, ಇವತ್ತಿನವು 2,000 ದಾಟಿವೆ. ಅಷ್ಟು ಒತ್ತಡದಲ್ಲಿ ಓಡುವ ಕಣ ಉಕ್ಕನ್ನು ಗೀರುವುದಲ್ಲ, ಕೊರೆಯುತ್ತದೆ.

ಡೀಸೆಲ್ ಕೂಡ ಬದಲಾಯಿತು. 1996ಕ್ಕೆ ಮುಂಚೆ ಭಾರತದ ಡೀಸೆಲ್ಲಿನಲ್ಲಿ ಗಂಧಕ ಶೇಕಡ 1ರವರೆಗೂ ಇರಬಹುದಿತ್ತು, ಅಂದರೆ 10 ಲಕ್ಷಕ್ಕೆ 10,000 ಪಾಲು. 2020ರ ಏಪ್ರಿಲ್‌ನಿಂದ ದೇಶದುದ್ದಕ್ಕೂ ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡದ ಬಿಎಸ್-6 ಡೀಸೆಲ್, ಗಂಧಕ 10 ಪಾಲು ಮಾತ್ರ. ಊರಿನ ಗಾಳಿಗೆ ಒಳ್ಳೆಯದು, ಹಳೆಯ ಪಂಪಿಗೆ ಅಷ್ಟು ಒಳ್ಳೆಯದಲ್ಲ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿಗೆ ಸಹಜವಾಗಿದ್ದ ಜಾರಿಕೆಯೂ ಹೋಗುತ್ತದೆ. 1991ರಲ್ಲಿ ಸ್ವೀಡನ್ ಇಂಥ ಡೀಸೆಲ್ ತಂದಾಗ ಪಂಪುಗಳು ಸವೆದುಹೋದವು. ಎರಡು ವರ್ಷ ಕಳೆದು ಅಮೆರಿಕ ಗಂಧಕ ಇಳಿಸಿದಾಗ ಹಳೆಯ ಪಂಪುಗಳ ರಬ್ಬರ್ ಸೀಲುಗಳು ಕುಗ್ಗಿ ಸೋರಿದವು. ಆಗಿನಿಂದ ಸಂಸ್ಕರಣಾಗಾರಗಳು ಡೀಸೆಲ್ಲಿಗೆ ಜಾರಿಕೆಯ ದ್ರವ್ಯ ಬೆರೆಸುತ್ತವೆ. ಪರೀಕ್ಷೆಗೆ ಉಕ್ಕಿನ ಗುಂಡೊಂದನ್ನು ಡೀಸೆಲ್ಲಿನಲ್ಲಿ ಉಜ್ಜಿ, ಅದರ ಮೇಲೆ ಮೂಡಿದ ಸವೆತದ ಗುರುತು 460 ಮೈಕ್ರಾನ್ ಮೀರಬಾರದೆಂದು ಭಾರತದ ಮಾನದಂಡವೂ ಹೇಳುತ್ತದೆ. ಜೈವಿಕ ಡೀಸೆಲ್ ಬೆರೆತರೆ ಜಾರಿಕೆ ಹೆಚ್ಚುತ್ತದೆ. ಆದರೆ ಅದು ಹಳೆಯ ಟ್ಯಾಂಕಿಗೆ ಅಂಟಿದ ಕೊಳೆಯನ್ನೆಲ್ಲ ಕರಗಿಸಿ ತರುವುದರಿಂದ ಮೊದಲ ಕೆಲವು ಸಲ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆಡುಗೋಡಿಯ ಕಾರ್ಖಾನೆಯ ಕೆಲಸ ಬಿಡದಿಗೆ ಹೋಗಿ, ಲೇತುಗಳಿದ್ದ ಜಾಗದಲ್ಲಿ 2022ರಲ್ಲಿ ಗಾಜಿನ ಕಟ್ಟಡಗಳ ಹೊಸ ಕ್ಯಾಂಪಸ್ ಉದ್ಘಾಟನೆಗೊಂಡಿತು. ಅಲ್ಲಿ ತಯಾರಾದ ಪಂಪುಗಳಿಗೆ ಇನ್ನೂ ನಿವೃತ್ತಿಯಿಲ್ಲ. ಇನ್‌ಲೈನ್ ಪಂಪಿನ ಹಳೆಯ ಲಾರಿ ಮರಳು, ಇಟ್ಟಿಗೆ, ಕಬ್ಬು ಹೊತ್ತು ಸಣ್ಣ ಊರುಗಳಲ್ಲಿ ತಿರುಗುತ್ತಿರುವಾಗ ಅದರ ಫಿಲ್ಟರ್ ಸುಧಾರಿಸುವ ಪ್ರಶ್ನೆಯೂ ಜೀವಂತ.

ಇಲ್ಲಿ ಅಮೆರಿಕದ ಪಾಠವನ್ನು ಹಾಗೆಯೇ ನಕಲು ಮಾಡಿದರೆ ಕೆಡುಕು. ಹಳೆಯ ಇನ್‌ಲೈನ್ ಪಂಪಿಗೆ 2 ಮೈಕ್ರಾನಿನ ಜರಡಿ ಬೇಕಿಲ್ಲ, 10 ಸಾಕು. ಅದಕ್ಕೆ ನಿಜವಾಗಿ ಬೇಕಾದದ್ದು ನೀರು ಬೇರೆ ಮಾಡುವ ಬಟ್ಟಲು. ಅದನ್ನು ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ, 30 ಮೈಕ್ರಾನಿನ ಒರಟು ಎಲಿಮೆಂಟಿನೊಡನೆ ಕೂರಿಸಬೇಕು. ಸಣ್ಣ ಕಾಗದವನ್ನು ಆ ಕಡೆ ಹಾಕಿದರೆ ಫೀಡ್ ಪಂಪಿಗೆ ಹೀರಲು ಶಕ್ತಿ ಸಾಲದೆ ಎಂಜಿನ್ ಹಸಿಯುತ್ತದೆ. ಸಣ್ಣದು ಇರಬೇಕಾದದ್ದು ಫೀಡ್ ಪಂಪು ತಳ್ಳುವ ಕಡೆ, ಹಳೆಯ ಜೋಡಿ ಡಬ್ಬಿಗಳ ಜಾಗದಲ್ಲೇ. ಅಲ್ಲಿಗೆ ತೊಳೆದ ಫೆಲ್ಟನ್ನು ಬಿಟ್ಟು ಹೊಸ ಕಾಗದದ ಎಲಿಮೆಂಟು ಹಾಕಿದರೆ ಅರ್ಧ ಸುಧಾರಣೆ ಆದಂತೆ. ಬಟ್ಟಲು ಸೇರಿಸಿದರೆ ಹೀರುವ ದಾರಿಯಲ್ಲಿ ಎರಡು ಜಾಯಿಂಟು ಹೆಚ್ಚಾಗುತ್ತವೆ. ಅಲ್ಲಿ ಸೋರಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಲಾರಿ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಲ್ಲುತ್ತದೆ, ಹೊರಗಿನಿಂದ ನೋಡಿದರೆ ಏನೂ ಕಾಣದು. ಅದಕ್ಕೇ ಬಲ್ಲ ಪಂಪ್ ಮೆಕ್ಯಾನಿಕ್ ಆ ಜಾಗಕ್ಕೆ ತಾತ್ಕಾಲಿಕವಾಗಿ ಪಾರದರ್ಶಕ ಪೈಪಿನ ತುಂಡೊಂದನ್ನು ಸಿಕ್ಕಿಸಿ, ಎಂಜಿನ್ ಓಡಿಸಿ, ಗುಳ್ಳೆ ಬರುತ್ತಿದೆಯೇ ನೋಡುತ್ತಾನೆ. ಬಂದರೆ ಬೋಲ್ಟನ್ನು ಇನ್ನಷ್ಟು ಬಿಗಿಯಲು ಹೋಗದೆ, ಒಮ್ಮೆ ಒತ್ತಿ ಗಟ್ಟಿಯಾದ ತಾಮ್ರದ ವಾಷರನ್ನು ಎಸೆದು ಹೊಸದು ಹಾಕುತ್ತಾನೆ.